ಮತ್ತಾಯ 18 ಮತ್ತು ಒಂದು ನೀರಿನ ಬಾಟಲಿ: ಕ್ರಿಶ್ಚಿಯನ್ ಶಾಲೆಯ ರೂಲ್ಸ್ ಜೊತೆ ಒಂಬತ್ತು ವರ್ಷ

ಶಾಲೆಯ ಬಗ್ಗೆ ಅಭಿಪ್ರಾಯ ಬರೆಯುವವರು ಸಾಮಾನ್ಯವಾಗಿ ಮಾರ್ಕ್ಸ್, ಕಟ್ಟಡ, ಮೈದಾನ ಇಷ್ಟಕ್ಕೇ ಮುಗಿಸುತ್ತಾರೆ. ನಾನು ಬರೆಯುತ್ತಿರುವುದು ಯಾರೂ ಓದದ ಒಂದು ಪುಸ್ತಕದ ಬಗ್ಗೆ. ಅಡ್ಮಿಷನ್ ದಿನ ಕೈಗಿಟ್ಟು "ಕೊನೇ ಪುಟದಲ್ಲಿ ಸಹಿ ಹಾಕಿ" ಅನ್ನುತ್ತಾರಲ್ಲ, ಆ ನಿಯಮಗಳ ಪುಸ್ತಕ. ನಾನೂ ಓದದೇ ಸಹಿ ಹಾಕಿದವಳೇ. ಮಗ ಒಂದನೇ ಕ್ಲಾಸಿಗೆ ಸೇರಿ ಒಂಬತ್ತು ವರ್ಷ ಆಯಿತು, ಮಗಳು ಈಗ ಐದನೇ ಕ್ಲಾಸು. ಈಗ ಆ ಪುಸ್ತಕದ ಯಾವ ಸಾಲು ಯಾವ ಪುಟದಲ್ಲಿದೆ ಅಂತ ನನಗೆ ಗೊತ್ತು. ಶಾಲೆಯ ಹೆಸರು ಹೇಳುವುದಿಲ್ಲ. ಮಕ್ಕಳು ಇನ್ನೂ ಅಲ್ಲೇ ಓದುತ್ತಿದ್ದಾರೆ.

ನೀವು ಕ್ರೈಸ್ತರಾ, ಮಕ್ಕಳು ಪ್ರಾರ್ಥನೆ ಮಾಡಲೇಬೇಕಾ ಅಂತ ಎಲ್ಲರೂ ಮೊದಲು ಕೇಳುವ ಪ್ರಶ್ನೆಯನ್ನು ಮುಗಿಸಿಬಿಡುತ್ತೇನೆ. ನಾವು ಕ್ರೈಸ್ತರಲ್ಲ. ವಾರಕ್ಕೊಮ್ಮೆ ಚಾಪೆಲ್‌ಗೆ ಎಲ್ಲ ಮಕ್ಕಳೂ ಹೋಗಬೇಕು. ಹಾಡುವಾಗ ಎದ್ದು ನಿಲ್ಲಬೇಕು, ಗಲಾಟೆ ಮಾಡಬಾರದು. ಆದರೆ ಹಾಡಲೇಬೇಕು, ಪ್ರಾರ್ಥನೆ ಹೇಳಲೇಬೇಕು ಅಂತಿಲ್ಲ. ಪುಸ್ತಕದಲ್ಲೂ ಹಾಗೇ ಇದೆ, ನಡೆದದ್ದೂ ಹಾಗೇ. ಮಗಳಿಗೆ ಹಾಡುಗಳೆಲ್ಲ ಬಾಯಿಪಾಠ, ಮಗನಿಗೆ ಅಲ್ಲಿ ನಿದ್ದೆ ಬರುತ್ತದೆ. ಈ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ.

ನಡತೆಯ ನಿಯಮಗಳಲ್ಲಿ ಅರ್ಧಕ್ಕರ್ಧ ಎಲ್ಲ ಶಾಲೆಯಲ್ಲೂ ಇರುವಂಥವೇ. ಉಗುರು, ಕೂದಲು, ಶೂ, ಫೋನ್ ತರಬಾರದು. ಅದನ್ನು ಬಿಡಿ. ಹೊಡೆಯುವುದಿಲ್ಲ ಅಂತ ಮೊದಲ ಪುಟಗಳಲ್ಲೇ ಬರೆದಿದ್ದಾರೆ. ಒಂಬತ್ತು ವರ್ಷದಲ್ಲಿ ಒಂದು ಏಟಿನ ಸುದ್ದಿಯೂ ನನ್ನ ಕಿವಿಗೆ ಬಿದ್ದಿಲ್ಲ. ಇದನ್ನು ಯಾಕೆ ಎತ್ತಿ ಹೇಳುತ್ತಿದ್ದೇನೆ ಅಂದರೆ, ಬೆತ್ತಕ್ಕೆ ಬೈಬಲ್ಲಿನ ಆಧಾರ ಕೊಡುವವರು ಇವತ್ತಿಗೂ ಇದ್ದಾರೆ. ಜ್ಞಾನೋಕ್ತಿಗಳ 13ನೇ ಅಧ್ಯಾಯದಲ್ಲಿ, ಬೆತ್ತ ಹಿಡಿಯದ ಅಪ್ಪನಿಗೆ ಮಗನ ಮೇಲೆ ಪ್ರೀತಿ ಇಲ್ಲ ಅನ್ನುವ ಅರ್ಥದ ಮಾತಿದೆ. ಒಂದು ಪೇರೆಂಟ್ಸ್ ಮೀಟಿಂಗಿನಲ್ಲಿ ಒಬ್ಬ ತಂದೆ ಅದನ್ನೇ ಎತ್ತಿದರು, "ಸ್ವಲ್ಪ ಬಿಗಿ ಮಾಡಿ ಫಾದರ್" ಅಂತ. ಫಾದರ್ ನಕ್ಕರು. "ಕೀರ್ತನೆ 23ರಲ್ಲಿ ಕುರುಬನ ಕೋಲೂ ಇದೆಯಲ್ಲ. ಅದು ಕುರಿಗಲ್ಲ, ತೋಳಕ್ಕೆ" ಅಂದರು. ಆ ತಂದೆ ಮತ್ತೆ ಮಾತಾಡಲಿಲ್ಲ.

ಇಟಲಿಯ ಪಾದ್ರಿ ಡಾನ್ ಬಾಸ್ಕೊ 1877ರಲ್ಲಿ ಬರೆದಿಟ್ಟ ಪದ್ಧತಿಯ ಮಾತು ಶಾಲೆಯವರ ಬಾಯಲ್ಲಿ ಆಗಾಗ ಬರುತ್ತದೆ. ತಪ್ಪು ಮಾಡಿದ ಮೇಲೆ ಶಿಕ್ಷೆ ಕೊಡುವ ಬದಲು, ತಪ್ಪು ಆಗದ ಹಾಗೆ ಮಕ್ಕಳ ನಡುವೆಯೇ ಇರಬೇಕು ಅನ್ನುವುದು ಅದರ ತಿರುಳು. ಹಾಗಾಗಿ ಇಂಟರ್ವಲ್‌ನಲ್ಲಿ ಟೀಚರ್‌ಗಳೆಲ್ಲ ಸ್ಟಾಫ್ ರೂಮಿನಲ್ಲಿ ಕೂರುವ ಹಾಗಿಲ್ಲ, ಸರದಿ ಪ್ರಕಾರ ಮೈದಾನದಲ್ಲಿರಬೇಕು. ಮೈದಾನದಲ್ಲಿ ಇರುತ್ತಿದ್ದರು ಕೂಡ. ಮೆಟ್ಟಿಲ ಹತ್ತಿರ, ಟಾಯ್ಲೆಟ್ ಹತ್ತಿರ ಯಾರೂ ಇರುತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊಡೆಯುವುದಿಲ್ಲ, ಆದರೆ ಇಂಪೊಸಿಷನ್ ಇದೆ. ಅದೂ ಬೈಬಲ್ ವಚನದ ಇಂಪೊಸಿಷನ್. ಮಗ ಪಕ್ಕದವನ ಜೊತೆ ಕಿತ್ತಾಡಿದ್ದಕ್ಕೆ, ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 13ನೇ ಅಧ್ಯಾಯ, ಪ್ರೀತಿಗೆ ತಾಳ್ಮೆ ಜಾಸ್ತಿ ಅಂತ ಹೇಳುವ ಸಾಲು, ಐವತ್ತು ಸಲ. ಮೂವತ್ತಕ್ಕೆ ಬರುವಷ್ಟರಲ್ಲಿ ಇವನ ತಾಳ್ಮೆ ಮುಗಿದು ಪೆನ್ಸಿಲ್ ಎರಡು ತುಂಡಾಗಿತ್ತು. ಅಷ್ಟು ಚಂದದ ಮಾತನ್ನು ಶಿಕ್ಷೆಗೆ ಬಳಸಿದರೆ ಮಗುವಿಗೆ ಆ ಮಾತಿನ ಮೇಲೇ ಸಿಟ್ಟು ಬರುತ್ತದೆ, ಅಲ್ವಾ? ಹೀಗಂತ ಬರೆದು ಕೊಟ್ಟೆ. ಉತ್ತರ ಬರಲಿಲ್ಲ. ಇಂಪೊಸಿಷನ್ ಇವತ್ತಿಗೂ ನಡೆಯುತ್ತಿದೆ.

ಆರೋಗ್ಯದ ವಿಷಯದಲ್ಲಿ ಇವರು ಗಟ್ಟಿ. ಹೆಲ್ತ್ ರೂಮಿನಲ್ಲಿ ಒಬ್ಬರು ಸಿಸ್ಟರ್ ಇದ್ದಾರೆ. ಇಲ್ಲಿ ಸಿಸ್ಟರ್ ಅಂದರೆ ಕನ್ಯಾಸ್ತ್ರೀನೂ ಆಗಬಹುದು, ನರ್ಸೂ ಆಗಬಹುದು. ಮೊದಲ ವರ್ಷ ನನಗೆ ಇದೇ ಗೊಂದಲ. ಒಂದು ಸಲ ಮಗನ ವಾಂತಿಯ ವಿವರವನ್ನೆಲ್ಲ ಸಂಗೀತ ಕಲಿಸುವ ಸಿಸ್ಟರ್ ಹತ್ತಿರ ಹೇಳಿ ಬಂದಿದ್ದೆ. ಪಾಪ, ಪೂರ್ತಿ ಕೇಳಿಸಿಕೊಂಡರು.

ಜ್ವರದ ನಿಯಮ ಸರಳ. 38 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ದಾಟಿದರೆ ಮನೆಗೆ. ಔಷಧಿ ಇಲ್ಲದೇ 24 ಗಂಟೆ ಜ್ವರ ಬರದಿದ್ದರೆ ಮಾತ್ರ ವಾಪಸ್. "ಔಷಧಿ ಇಲ್ಲದೇ" ಅನ್ನುವುದಕ್ಕೆ ಅಡಿಗೆರೆ ಹಾಕಿದ್ದಾರೆ, ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಕಳಿಸುವ ವಿದ್ಯೆ ನಾನೂ ಪ್ರಯೋಗಿಸಿದ್ದೇನೆ. ಅದರ ಕೆಲಸ ನಾಲ್ಕರಿಂದ ಆರು ಗಂಟೆ. ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಫೋನು. "ಬೆಳಿಗ್ಗೆ ಏನು ಕೊಟ್ಟಿದ್ರಿ ಮೇಡಂ?" ಸುಳ್ಳು ಹೇಳಲಿಕ್ಕೆ ಆಗಲಿಲ್ಲ. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಬರುವ ಹಾಗಿಲ್ಲ. ಅದೂ ಸರಿಯೇ.

ಸರಿ ಇಲ್ಲದಿದ್ದದ್ದು ಹೇನಿನ ನಿಯಮ. ತಲೆಯಲ್ಲಿ ಒಂದು ಸೀರು ಕಂಡರೂ ಮನೆಗೆ ಕಳಿಸುತ್ತಿದ್ದರು. ಮಗಳು ಒಂದನೇ ಕ್ಲಾಸಿನಲ್ಲಿ ನಾಲ್ಕು ದಿನ ಮನೆಯಲ್ಲಿ ಕೂತಳು. ಹೇನೆಲ್ಲ ಸತ್ತಿತ್ತು, ಖಾಲಿ ಸೀರು ಮಾತ್ರ ಕೂದಲಿಗೆ ಅಂಟಿಕೊಂಡಿತ್ತು. ಹೇನು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ, ತಲೆಗೆ ತಲೆ ತಾಗಿದರೆ ಹರಿದು ಹೋಗುತ್ತದೆ ಅಷ್ಟೆ. ಅದರಿಂದ ಬೇರೆ ರೋಗವೂ ಬರುವುದಿಲ್ಲ. ಹೇನಿದೆ ಅಂತ ಮಕ್ಕಳ ಕ್ಲಾಸು ತಪ್ಪಿಸಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮೊದಲಿಂದ ಹೇಳುತ್ತಿದೆ, 2022ರಲ್ಲೂ ಮತ್ತೆ ಹೇಳಿತು. ಅದನ್ನು ಪ್ರಿಂಟ್ ತೆಗೆದು ಸಿಸ್ಟರ್ ಕೈಗೆ ಕೊಟ್ಟೆ. "ನನಗೂ ಇದು ಗೊತ್ತು ಮೇಡಂ, ಬೇರೆ ಪೇರೆಂಟ್ಸ್ ಒಪ್ಪಲ್ಲ" ಅಂದರು. ಮುಂದಿನ ವರ್ಷದ ಪುಸ್ತಕದಲ್ಲಿ ನಿಯಮ ಬದಲಾಗಿತ್ತು. ಈಗ ಗುಟ್ಟಾಗಿ ಒಂದು ಚೀಟಿ ಮನೆಗೆ ಬರುತ್ತದೆ, ಮಗು ಸಂಜೆಯವರೆಗೆ ಕ್ಲಾಸಿನಲ್ಲೇ ಇರುತ್ತದೆ.

ಇನ್ಹೇಲರ್ ವಿಷಯ ಇದಕ್ಕಿಂತ ದೊಡ್ಡದು. ಮಗನಿಗೆ ಆಸ್ತಮಾ. ಎಲ್ಲ ಔಷಧಿಯೂ ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿರಬೇಕು ಅಂತ ಹಳೇ ನಿಯಮ. ಸ್ಪೋರ್ಟ್ಸ್ ಪ್ರಾಕ್ಟೀಸ್ ದಿನ ಇವನಿಗೆ ಉಸಿರು ಎಳೆಯಲು ಶುರುವಾಯಿತು. ಕೀ ಇದ್ದವರು ಊಟಕ್ಕೆ ಹೋಗಿದ್ದರು. ಹತ್ತು ನಿಮಿಷ. ಏನೂ ಅನಾಹುತ ಆಗಲಿಲ್ಲ, ಆದರೆ ಆ ಹತ್ತು ನಿಮಿಷ ಹೇಗಿತ್ತು ಅಂತ ಅವನ ಪಿಟಿ ಸರ್ ನನಗೆ ಹೇಳುವಾಗ ಅವರ ಕೈಯೇ ನಡುಗುತ್ತಿತ್ತು. ಬೀಗದ ನಿಯಮ ಬೇರೆ ಮಾತ್ರೆಗಳಿಗೆ ಸರಿ. ಉಸಿರಾಟದ ಇನ್ಹೇಲರ್, ಅಲರ್ಜಿಯ ಅಡ್ರಿನಾಲಿನ್ ಇಂಜೆಕ್ಷನ್ ಇವೆರಡಕ್ಕೂ ಬೀಗ ಇರಬಾರದು. ಡಾಕ್ಟರ್ ಪತ್ರ ಕೊಟ್ಟ ಮೇಲೆ ಈಗ ಅವನ ಜೇಬಲ್ಲೇ ಇರುತ್ತದೆ, ಇನ್ನೊಂದು ಹೆಲ್ತ್ ರೂಮಿನ ತೆರೆದ ಶೆಲ್ಫಿನಲ್ಲಿ. ನಿಮ್ಮ ಮಗುವಿಗೆ ಇಂಥದ್ದೇನಾದರೂ ಇದ್ದರೆ ಅಡ್ಮಿಷನ್ ದಿನವೇ ಕೀ ಯಾರ ಹತ್ತಿರ ಅಂತ ಕೇಳಿ.

ಸಿಸ್ಟರ್ ಬಗ್ಗೆ ಇನ್ನೊಂದು ಮಾತು. ಮೂಗಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಕು ಅಂತ ನಾನು ಚಿಕ್ಕಂದಿನಿಂದ ನಂಬಿದ್ದೆ. ಒಂದು ದಿನ ಮಗಳನ್ನು ಕರೆದುಕೊಂಡು ಬರಲು ಹೋದಾಗ, ಸಿಸ್ಟರ್ ಒಬ್ಬ ಪುಟ್ಟ ಹುಡುಗನನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತಗಿನ ಭಾಗವನ್ನು ಒತ್ತಿ ಹಿಡಿದು ಗಡಿಯಾರ ನೋಡುತ್ತಾ ಕೂತಿದ್ದರು. ಪೂರ್ತಿ ಹತ್ತು ನಿಮಿಷ, ನಡುವೆ ಬಿಟ್ಟು ನೋಡುವಂತಿಲ್ಲ. ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗೆ ಇಳಿಯುತ್ತದಂತೆ. ತಲೆಗೆ ಪೆಟ್ಟು ಬಿದ್ದರೆ ಎಷ್ಟೇ ಸಣ್ಣದಾಗಲಿ ಚೀಟಿ ಬರುತ್ತದೆ: ವಾಂತಿ, ಮಂಪರು, ಜಾಸ್ತಿಯಾಗುತ್ತಿರುವ ತಲೆನೋವು ಇದ್ದರೆ ತಕ್ಷಣ ಆಸ್ಪತ್ರೆಗೆ ಅಂತ. ಆ ದಿನ ಆಟ ಇಲ್ಲ. ಬಿದ್ದ ಮಕ್ಕಳಿಗಾಗಿ ಪ್ರಾರ್ಥನೆಯೂ ಮಾಡುತ್ತಾರೆ, ಆದರೆ ಐಸ್ ಇಟ್ಟ ಮೇಲೆ.

ಬೆಂಕಿಯ ಡ್ರಿಲ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ. ಚೆನ್ನಾಗಿ ಮಾಡುತ್ತಾರೆ. ಹೊರಗೆ ಬಂದ ಮೇಲೆ ಹಾಜರಿ ಕೂಗುತ್ತಾರೆ. ಸಮಸ್ಯೆ ಏನಂದರೆ ದಿನ, ಗಂಟೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಹಿಂದಿನ ಮೆಟ್ಟಿಲಿನ ಗ್ರಿಲ್ ಬಾಗಿಲನ್ನು ಆ ದಿನ ಮಾತ್ರ ತೆಗೆದಿಟ್ಟಿರುತ್ತಾರೆ. ಇದನ್ನು ಕೇಳಿದಾಗ ಆಫೀಸಿನವರು "ನಮ್ಮ ಸರ್ಟಿಫಿಕೇಟ್ ಎಲ್ಲ ಸರಿ ಇದೆ" ಅಂದರು. ಚಿಕಾಗೋದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಅನ್ನುವ ಕ್ಯಾಥೊಲಿಕ್ ಶಾಲೆಯೂ ಇನ್‌ಸ್ಪೆಕ್ಷನ್‌ನಲ್ಲಿ ಪಾಸಾಗಿತ್ತು. ಹಳೇ ಕಟ್ಟಡ ಅಂತ ಹೊಸ ನಿಯಮಗಳಿಂದ ವಿನಾಯಿತಿ ಸಿಕ್ಕಿತ್ತು. 1958ರ ಡಿಸೆಂಬರ್ 1ರಂದು ಕೆಳಗಿನ ಮೆಟ್ಟಿಲ ಬುಡದಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗೆ ನುಗ್ಗಿ 92 ಮಕ್ಕಳು, 3 ಸನ್ಯಾಸಿನಿಯರು ಸತ್ತರು. ಮೂರು ಸಲ ಬರೆದ ಮೇಲೆ ನಮ್ಮ ಗ್ರಿಲ್‌ನ ಬೀಗ ತೆಗೆದು ಒಳಗಿನಿಂದ ತೆರೆಯುವ ಚಿಲಕ ಹಾಕಿದ್ದಾರೆ. ಹೇಳದೇ ಮಾಡುವ ಡ್ರಿಲ್ ಇನ್ನೂ ಬಂದಿಲ್ಲ.

ಈಗ ನೀರಿನ ಬಾಟಲಿಗೆ ಬರುತ್ತೇನೆ.

ಪುಸ್ತಕದ ಹದಿನಾಲ್ಕನೇ ಪುಟದಲ್ಲಿ "ಮತ್ತಾಯ 18" ಅಂತ ಒಂದು ನಿಯಮ. ಮತ್ತಾಯನ ಸುವಾರ್ತೆಯ ಆ ಅಧ್ಯಾಯದಲ್ಲಿ 15ರಿಂದ 17ನೇ ವಚನದವರೆಗೆ ಇರುವ ವಿಷಯ ಇಷ್ಟು: ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನಿಗೆ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ಚರ್ಚಿನ ಎಲ್ಲರಿಗೂ, ತಿಳಿಸು. ಎಷ್ಟೋ ಕ್ರಿಶ್ಚಿಯನ್ ಶಾಲೆಗಳಲ್ಲಿ ಜಗಳ, ದೂರು ಎಲ್ಲಕ್ಕೂ ಇದೇ ಕ್ರಮ. ದೊಡ್ಡವರ ನಡುವೆ ಇದಕ್ಕಿಂತ ಒಳ್ಳೆಯ ನಿಯಮ ನಾನು ನೋಡಿಲ್ಲ. ಮ್ಯಾಥ್ಸ್ ಟೀಚರ್ ಮೇಲೆ ನನಗೆ ಸಿಟ್ಟು ಬಂದಾಗ ನೇರ ಅವರ ಹತ್ತಿರವೇ ಹೋಗಬೇಕಾಯಿತು. ಹೋದೆ, ಅರ್ಧ ತಪ್ಪು ನನ್ನದೇ ಅಂತ ಗೊತ್ತಾಯಿತು, ಮುಗಿಯಿತು. ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಟೀಚರ್‌ಗಳ ಬಗ್ಗೆ ಹರಟೆ ಇಲ್ಲ. ಇದೊಂದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡಬಹುದು.

ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ದಿನಾ ಬ್ಯಾಗು ಒದ್ದೆ. ಮುಚ್ಚಳ ಸರಿಯಾಗಿ ಹಾಕಿಲ್ಲ ಅಂತ ನಾನೇ ಬೈದೆ. ಬೇರೆ ಬಾಟಲಿ ತಂದೆ. ಅದೂ ಸೋರಿತು. ಮೂರನೆಯದನ್ನು ತಲೆಕೆಳಗೆ ಹಿಡಿದು, ಕುಲುಕಿ, ಒಂದು ಹನಿಯೂ ಬೀಳುವುದಿಲ್ಲ ಅಂತ ನೋಡಿ ಕಳಿಸಿದೆ. ಸಂಜೆ ಸೈನ್ಸ್ ನೋಟ್ಸ್ ಉಬ್ಬಿಕೊಂಡು ಬಂತು, ಶಾಯಿಯೆಲ್ಲ ಹರಡಿ ಹಾಳೆ ನೀಲಿ. ಆಗ ಬಾಯಿಬಿಟ್ಟ. ಆರನೇ ಕ್ಲಾಸಿನ ಇಬ್ಬರು ಹುಡುಗರು ಮೆಟ್ಟಿಲ ಹತ್ತಿರ ಹಿಡಿದು ಬಾಟಲಿಯನ್ನು ಬ್ಯಾಗಿನೊಳಗೇ ಖಾಲಿ ಮಾಡುತ್ತಿದ್ದರಂತೆ. ಟೀಚರ್‌ಗೆ ಹೇಳಿದ್ಯಾ ಅಂತ ಕೇಳಿದೆ. ಹೇಳಿದ್ದ. "ಮೊದಲು ನೀನೇ ಹೋಗಿ ಅವರ ಹತ್ತಿರ ಮಾತಾಡಿದ್ಯಾ?" ಅಂತ ಟೀಚರ್ ಕೇಳಿದ್ದರು. ನಿಯಮ ಅಲ್ವಾ. ಮಾರನೇ ದಿನ ಹೋಗಿ ಮಾತಾಡಿದ್ದಾನೆ. ಅವತ್ತು ಅವರು ಅವನನ್ನು ಟಾಯ್ಲೆಟ್ಟಿನೊಳಗೆ ದೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಒಂದು ಇಡೀ ಪೀರಿಯಡ್. ಬಾಗಿಲು ಬಡಿಯುವುದು ಕೇಳಿ ಕೊನೆಗೆ ಆಯಾ ಬಂದು ತೆಗೆದರು.

ಇಷ್ಟಾದ ಮೇಲೆ ಮೀಟಿಂಗ್. ನಾನು ಆ ಅಧ್ಯಾಯ ಪೂರ್ತಿ ಓದಿಕೊಂಡು ಹೋಗಿದ್ದೆ. 15ನೇ ವಚನಕ್ಕಿಂತ ಮೊದಲು 6ನೇ ವಚನ ಇದೆ. ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಅಂತ. "ನಿಮ್ಮ ಪುಸ್ತಕದಲ್ಲಿ ಇದು ಯಾಕಿಲ್ಲ?" ಅಂದೆ. ಪ್ರಿನ್ಸಿಪಾಲರಿಗೆ ಅದು ಬಾಯಿಪಾಠ ಇದ್ದಿರಬೇಕು, ಆದರೂ ಬೈಬಲ್ ತೆರೆದು ನೋಡಿದರು. ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಮಗುವನ್ನು ಮುಟ್ಟಬಾರದ ಹಾಗೆ ಮುಟ್ಟಿದವರು ದೊಡ್ಡವರೇ ಆಗಿದ್ದರೆ, ಆಗಲೂ ಮಗುವೇ ಮೊದಲು ಒಬ್ಬಂಟಿಯಾಗಿ ಹೋಗಿ ಅವರ ಹತ್ತಿರ ಮಾತಾಡಬೇಕಾ? ಇಂಥದ್ದನ್ನು ಒಳಗೊಳಗೇ ಮುಚ್ಚಿಟ್ಟರೆ ಏನಾಗುತ್ತದೆ ಅಂತ 2002ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹೊರಬಿದ್ದ, ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ಲೈಂಗಿಕ ದೌರ್ಜನ್ಯವನ್ನು ಚರ್ಚು ಮುಚ್ಚಿಟ್ಟ ಸುದ್ದಿಗಳಿಂದ ಚರ್ಚಿನವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ಪ್ರಶ್ನೆಗೆ ಕೋಣೆಯಲ್ಲಿದ್ದ ಯಾರೂ ಉತ್ತರ ಕೊಡಲಿಲ್ಲ.

ಏಳು ತಿಂಗಳು ಹಿಡಿಯಿತು. ಹೊಸ ಪುಸ್ತಕದ ಹದಿನಾಲ್ಕನೇ ಪುಟಕ್ಕೆ ನಾಲ್ಕು ಸಾಲು ಸೇರಿತು. ಪೀಡಿಸುವುದು, ಗಾಯ ಮಾಡುವುದು, ಮೈ ಮುಟ್ಟುವುದು ಇವಕ್ಕೆ ಮತ್ತಾಯ 18ರ ಕ್ರಮ ಇಲ್ಲ. ಮಗು ಯಾವ ದೊಡ್ಡವರ ಹತ್ತಿರ ಬೇಕಾದರೂ ನೇರ ಹೇಳಬಹುದು. ಕೇಳಿದವರು ಅವತ್ತೇ ಬರೆದಿಡಬೇಕು. ಅವತ್ತೇ ಮನೆಗೆ ಫೋನ್ ಮಾಡಬೇಕು. ಮೆಟ್ಟಿಲ ಹತ್ತಿರ ಈಗ ಒಬ್ಬರು ಟೀಚರ್ ನಿಲ್ಲುತ್ತಾರೆ. ಆ ಇಬ್ಬರು ಹುಡುಗರಲ್ಲಿ ಒಬ್ಬ ಆಮೇಲೆ ತಾನೇ ಬಂದು ಮಗನ ಹತ್ತಿರ ಸಾರಿ ಕೇಳಿದ, ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬ ಕೇಳಲಿಲ್ಲ.

ಹೊಸ ನಿಯಮ ಕೆಲಸ ಮಾಡುತ್ತದಾ ಅಂತ ಗೊತ್ತಾಗಿದ್ದು ಹೋದ ವರ್ಷ, ಮಗಳ ಕಾಲಕ್ಕೆ. ಕ್ಲಾಸಿನ ಒಬ್ಬಳು ಇವಳ ಜಡೆ ಎಳೆದು ಡೆಸ್ಕಿಗೆ ತಲೆ ಬಡಿಸಿದ್ದಳು. ಒಂದು ಗಂಟೆಯೊಳಗೆ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಸಿಸ್ಟರ್ ಚೀಟಿಯೂ ರೆಡಿ, ಘಟನೆಯ ಫಾರ್ಮೂ ರೆಡಿ. ಫಾರ್ಮಿನ ಕೊನೆಯಲ್ಲಿ ಒಂದು ಸಾಲು ಇನ್ನೂ ಉಳಿದಿದೆ: "ಇಬ್ಬರೂ ಪರಸ್ಪರ ಕ್ಷಮಿಸಿದ್ದಾರೆ", ಪಕ್ಕದಲ್ಲಿ ಟಿಕ್ ಹಾಕಲು ಒಂದು ಚೌಕ. ಹಣೆ ಊದಿಕೊಂಡಿರುವ ಮಗುವಿನ ಮುಂದೆ ಅದನ್ನು ಇಡುತ್ತಾರೆ. ಮಗಳು ಓದಿದಳು, ಪೆನ್ನು ಕೆಳಗಿಟ್ಟಳು. "ಇವತ್ತು ಬೇಡ ಮಿಸ್" ಅಂದಳು. ಕ್ಲಾಸ್ ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿ, ಚೌಕ ಖಾಲಿ ಬಿಟ್ಟು ಕೆಳಗೆ ತಮ್ಮ ಸಹಿ ಹಾಕಿದರು.