ರನ್ ಕಮಾಂಡಿಗೆ ಯಾವುದು: ಆರ್ಗ್‌ಪಾರ್ಸ್, ಕ್ಲಿಕ್, ಟೈಪರ್?

ಪೈಥಾನ್‌ನಲ್ಲಿ ಸರ್ವರ್ ಶುರು ಮಾಡುವ ಒಂದು ರನ್ ಕಮಾಂಡ್; ಆಪ್ಷನ್‌ಗಳು ಮೂರೇ: --ಹೋಸ್ಟ್, --ಪೋರ್ಟ್, --ರೀಲೋಡ್. ಕಮಾಂಡ್ ಜೊತೆ ಟೈಪಿಸಿದ ಆಪ್ಷನ್‌ಗಳನ್ನು ಓದಿ, --ಹೆಲ್ಪ್ ಬರಹವನ್ನೂ ತೋರಿಸುವ ಈ ಮೂರು ಲೈಬ್ರರಿಗಳಲ್ಲೂ ಇದನ್ನೇ ಬರೆದು ನೋಡಿದೆ. ಹೆಲ್ಪ್ ತೆರೆದಾಗಲೇ ಒಂದೊಂದರ ಗುಣ ಗೊತ್ತಾಗುವುದು.

ಆರ್ಗ್‌ಪಾರ್ಸ್ ಪೈಥಾನ್ ಜೊತೆಗೇ ಬರುತ್ತದೆ. ಒಂದೇ ಫೈಲಿನ ಸ್ಕ್ರಿಪ್ಟಾದರೆ ಬೇರೆ ಹುಡುಕಬೇಕಿಲ್ಲ. ಆದರೆ ಮುಗ್ಗರಿಸುವ ಜಾಗಗಳೂ ಇದರಲ್ಲೇ ಹೆಚ್ಚು. ಸಬ್‌ಕಮಾಂಡಿಗೆ (ಮುಖ್ಯ ಪ್ರೋಗ್ರಾಮಿನ ಒಳಗಿನ ರನ್‌ನಂಥ ಕಮಾಂಡಿಗೆ) ಕೊಟ್ಟ ಹೆಲ್ಪ್ ಬರಹ ಕಮಾಂಡುಗಳ ಪಟ್ಟಿಯಲ್ಲಷ್ಟೇ ಕಾಣುತ್ತದೆ. ರನ್ --ಹೆಲ್ಪ್ ಎಂದಾಗಲೂ ವಿವರಣೆ ಬರಬೇಕಾದರೆ ಡಿಸ್ಕ್ರಿಪ್ಷನ್ ಬೇರೆ ಬರೆಯಬೇಕು. ಡಿಫಾಲ್ಟ್, ಅಂದರೆ ಆಪ್ಷನ್ ಕೊಡದಿದ್ದಾಗ ಬಳಕೆಯಾಗುವ ಬೆಲೆ, ಹೆಲ್ಪ್‌ನಲ್ಲಿ ತಾನಾಗಿ ತೋರುವುದಿಲ್ಲ. ಅದಕ್ಕೆಂದೇ ಇರುವ ಫಾರ್ಮ್ಯಾಟರ್ ಅನ್ನು ಮುಖ್ಯ ಪಾರ್ಸರ್‌ಗೆ ಹಾಕಿದರೆ ಸಾಲದು, ಸಬ್‌ಪಾರ್ಸರ್‌ಗೂ ಹಾಕಬೇಕು. ಹೆಲ್ಪ್ ಬರಹವೇ ಇಲ್ಲದ ಆಪ್ಷನ್‌ಗೆ ಆಗಲೂ ಡಿಫಾಲ್ಟ್ ಕಾಣದು. ಹೆಲ್ಪ್‌ನಲ್ಲಿ % ಚಿಹ್ನೆ ಬೇಕಿದ್ದರೆ %% ಎಂದು ಬರೆಯಿರಿ. ಮರೆತರೆ ಹಳೆಯ ಆವೃತ್ತಿಗಳಲ್ಲಿ ಪ್ರೋಗ್ರಾಂ ಸಲೀಸಾಗಿ ಓಡುತ್ತಿದ್ದು, ಯಾರಾದರೂ --ಹೆಲ್ಪ್ ಕೇಳಿದ ಕ್ಷಣ ಎರರ್ ಕೊಟ್ಟು ನಿಲ್ಲುತ್ತದೆ. --ರೀಲೋಡ್‌ಗೆ ಟೈಪ್ ಬೂಲ್ (ಟ್ರೂ ಅಥವಾ ಫಾಲ್ಸ್) ಎಂದು ಕೊಡುವುದಂತೂ ಬೇಡವೇ ಬೇಡ: ‘ಫಾಲ್ಸ್’ ಎಂದು ಟೈಪಿಸಿದರೂ ಅದು ಖಾಲಿಯಲ್ಲದ ಸ್ಟ್ರಿಂಗ್, ಹಾಗಾಗಿ ಟ್ರೂ. ಪೈಥಾನ್ 3.9ರಿಂದ ಬೂಲಿಯನ್‌ಆಪ್ಷನಲ್‌ಆಕ್ಷನ್ ಇದೆ. ಅದನ್ನು ಬಳಸಿದರೆ ಫಾಲ್ಸ್ ಎನ್ನಲು --ನೋ-ರೀಲೋಡ್ ತಾನೇ ಹುಟ್ಟುತ್ತದೆ.

ಕ್ಲಿಕ್‌ನಲ್ಲಿ ಪ್ರತಿ ಆಪ್ಷನ್ ಒಂದು ಡೆಕೊರೇಟರ್, ಅಂದರೆ ಫಂಕ್ಷನ್ನಿನ ಮೇಲೆ @ ಹಾಕಿ ಬರೆಯುವ ಸಾಲು. ಫಂಕ್ಷನ್ನಿನ ಒಳಗೆ ಮೊದಲಿಗೇ ಬರೆಯುವ ವಿವರಣೆ, ಅಂದರೆ ಡಾಕ್‌ಸ್ಟ್ರಿಂಗೇ ಹೆಲ್ಪ್ ಆಗುತ್ತದೆ, ಅದರ ಮೊದಲ ವಾಕ್ಯ ಪಟ್ಟಿಗೂ ಹೋಗುತ್ತದೆ. ಎರಡು ಕಡೆ ಬರೆಯುವ ತಾಪತ್ರಯವಿಲ್ಲ. ಪೋರ್ಟ್‌ಗೆ ಇಂಟ್‌ರೇಂಜ್ 1ರಿಂದ 65535 ಎಂದರೆ ತಪ್ಪು ಸಂಖ್ಯೆಗೆ ಸ್ಪಷ್ಟ ಸಂದೇಶ ಕೊಟ್ಟು, ಎಕ್ಸಿಟ್ ಕೋಡ್ 2ರೊಂದಿಗೆ (ತಪ್ಪಾಗಿದೆ ಎಂದು ಸಿಸ್ಟಂಗೆ ತಿಳಿಸುವ ಸಂಖ್ಯೆ) ಮುಗಿಯುತ್ತದೆ. ಡಿಫಾಲ್ಟ್ ತೋರಿಸಲು ಇಲ್ಲೂ ಹೇಳಬೇಕು. ಡಾಕ್‌ಸ್ಟ್ರಿಂಗಿನಲ್ಲಿ ಒಂದು ಪ್ಯಾರಾದ ಸಾಲುಗಳನ್ನು ಕ್ಲಿಕ್ ಒಟ್ಟುಗೂಡಿಸಿಬಿಡುತ್ತದೆ. ಉದಾಹರಣೆಯ ಸಾಲುಗಳು ಇದ್ದಂತೆಯೇ ಉಳಿಯಬೇಕಾದರೆ ಆ ಪ್ಯಾರಾದ ಮೇಲೆ \ಬಿ ಮಾತ್ರ ಇರುವ ಸಾಲು ಬೇಕು. ಚಿಕ್ಕ -ಎಚ್ ಕೂಡ ತಾನಾಗಿ ಸಿಗದು, ಹೆಲ್ಪ್ ಹೆಸರುಗಳ ಪಟ್ಟಿಗೆ ಸೇರಿಸಿಕೊಳ್ಳಬೇಕು.

ಟೈಪರ್ ಬೆಳೆದದ್ದು ಕ್ಲಿಕ್‌ನ ಮೇಲೆಯೇ. ಟೈಪ್ ಹಿಂಟ್, ಅಂದರೆ ಬೆಲೆ ಯಾವ ಬಗೆಯದು ಎಂಬ ಸೂಚನೆ, ಬರೆದರೆ ಸಾಕು: ಡಿಫಾಲ್ಟ್ ಕಾಣುತ್ತದೆ, ಬೂಲ್‌ಗೆ --ನೋ- ಜೋಡಿಯೂ ಬರುತ್ತದೆ. ಒಂದು ಕೊಕ್ಕೆ ಇದೆ. ಆ್ಯಪ್‌ನಲ್ಲಿ ಇರುವುದು ರನ್ ಒಂದೇ ಆದರೆ ಕಮಾಂಡಿನ ಹೆಸರೇ ಮಾಯ. ‘ರನ್’ ಎಂದು ಟೈಪಿಸಿದರೆ ಅನಿರೀಕ್ಷಿತ ಆರ್ಗ್ಯುಮೆಂಟ್ ಎಂಬ ದೂರು. ಖಾಲಿ ಕಾಲ್‌ಬ್ಯಾಕ್ (ಕಮಾಂಡಿಗೆ ಮುಂಚೆ ಓಡುವ ಫಂಕ್ಷನ್) ಒಂದನ್ನು ಸೇರಿಸಿದರೆ ಹೆಸರು ಮರಳುತ್ತದೆ.

ನನ್ನ ಆಯ್ಕೆ ಕ್ಲಿಕ್, ಅದರಲ್ಲೂ ರನ್ ಇನ್ನೊಂದು ಪ್ರೋಗ್ರಾಮಿಗೆ ಆಪ್ಷನ್‌ಗಳನ್ನು ದಾಟಿಸಬೇಕಿದ್ದರೆ. ಗೊತ್ತಿಲ್ಲದ ಆಪ್ಷನ್‌ಗಳನ್ನು ಬಿಟ್ಟುಬಿಡುವ ಸೆಟ್ಟಿಂಗ್ ಹಾಕಿ, ಉಳಿದದ್ದನ್ನೆಲ್ಲ ಒಂದೇ ಆರ್ಗ್ಯುಮೆಂಟಿಗೆ ತುಂಬಿಸಬಹುದು. ಆದರೂ --ಹೆಲ್ಪ್ ಅನ್ನು ಮಾತ್ರ ಕ್ಲಿಕ್ ತಾನೇ ಹಿಡಿದುಕೊಳ್ಳುತ್ತದೆ. ಅದು ಆಚೆಗೆ ಹೋಗಬೇಕಾದರೆ ಮುಂಚೆ ಬರೀ -- ಹಾಕಿ.