ಎರಡು ವರ್ಷ ಓಡಿಸಿದ ಮೇಲೆ: ನನ್ನ ಸೆಕೆಂಡ್ ಹ್ಯಾಂಡ್ ಸ್ಪ್ಲೆಂಡರ್ ಪ್ಲಸ್

2023ರ ಆಗಸ್ಟ್‌ನಲ್ಲಿ ತಿಪಟೂರಿನಲ್ಲಿ ತಗೊಂಡೆ. 2013ರ ಮಾಡೆಲ್, 31,000 ರೂಪಾಯಿ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಕೈಗೆ ಬಂದು ಆಗಿನ್ನೂ ವಾರ. ಗೇರ್ ಗಾಡಿ ಮುಟ್ಟಿದವಳೇ ಅಲ್ಲ ನಾನು. ಆದರೆ ನಾನು ಪಾಠ ಮಾಡುವ ಶಾಲೆ 14 ಕಿಲೋಮೀಟರ್ ದೂರ, ಆ ಕಡೆಗೆ ಬೆಳಗ್ಗೆ ಇರುವುದು ಒಂದೇ ಬಸ್ಸು.

ಕಲಿಯುವವರಿಗೆ ಹೇಳಿ ಮಾಡಿಸಿದ ಗಾಡಿ ಇದು. ಕೂತರೆ ಎರಡೂ ಕಾಲು ನೆಲಕ್ಕೆ ಎಟುಕುತ್ತವೆ. ನಾಲ್ಕೂ ಗೇರನ್ನು ಮುಂದಕ್ಕೇ ತುಳಿಯುವುದು, ಇಳಿಸಬೇಕಾದರೆ ಹಿಮ್ಮಡಿಯಲ್ಲಿ ಹಿಂದಕ್ಕೆ ಒತ್ತುವುದು, ಅಷ್ಟೇ. ಭಾನುವಾರ ಖಾಲಿ ಇರುತ್ತಿದ್ದ ಎಪಿಎಂಸಿ ಯಾರ್ಡಿನಲ್ಲಿ ನನ್ನ ತಮ್ಮ ಹಿಂದೆ ಕೂರುತ್ತಿದ್ದ. "ಅಕ್ಕಾ, ಕ್ಲಚ್ ಒಂದೇ ಸಲ ಬಿಡಬೇಡ, ನಿಧಾನಕ್ಕೆ" ಅನ್ನುತ್ತಿದ್ದ. ಎಂಜಿನ್ ಎಷ್ಟು ಸಲ ಆಫ್ ಆಯಿತೋ ಲೆಕ್ಕವಿಲ್ಲ. ಎರಡು ಸಲ ಗಾಡಿ ಲೆಗ್ ಗಾರ್ಡ್ ಮೇಲೆ ಬಿತ್ತು. ಆಗಲೇ ಹತ್ತಾರು ಗೀರು ಇದ್ದವು, ಇನ್ನೆರಡು ಸೇರಿದವು. ಹೊಸ ಗಾಡಿಯಾಗಿದ್ದರೆ ಅವತ್ತೇ ಮೂಲೆಗೆ ನಿಲ್ಲಿಸಿಬಿಡುತ್ತಿದ್ದೆ.

ಇನ್ನು ನನ್ನ ನಿಜವಾದ ಕೋಪ. ಎಂಜಿನ್ ಸದ್ದು ಕೇಳಿದೆವು, ಟೈರ್ ನೋಡಿದೆವು, ಚೈನ್ ಎಳೆದು ನೋಡಿದೆವು. ಆರ್‌ಸಿಯನ್ನು ಮಾತ್ರ ಪೂರ್ತಿ ಓದಲಿಲ್ಲ. ಅದರಲ್ಲಿ ಎಚ್‌ಪಿ, ಅಂದರೆ ಗಾಡಿ ಸಾಲಕ್ಕೆ ಅಡವಿದೆ ಎಂಬ ನಮೂದು, ಹಾಗೇ ಇತ್ತು. ಮಾರಿದವರು ಸಾಲ ಯಾವತ್ತೋ ತೀರಿಸಿದ್ದರಂತೆ, ಸಾಲ ಕೊಟ್ಟವರಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಾತ್ರ ತಗೊಂಡಿರಲಿಲ್ಲ. ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ದುಡ್ಡು ಎಣಿಸಿಕೊಂಡರು, ಇದರ ಬಗ್ಗೆ ಒಂದು ಮಾತು ಆಡಲಿಲ್ಲ. ಎಚ್‌ಪಿ ತೆಗೆಸಲು ಸಾಲ ಕೊಟ್ಟವರ ಸಹಿ ಇರುವ ಫಾರಂ 35 ಬೇಕೇ ಬೇಕು. ಅದಕ್ಕೆ ಅಲೆದದ್ದು ನಾಲ್ಕು ತಿಂಗಳು. ಅಷ್ಟು ದಿನ ಗಾಡಿ ನನ್ನ ಮನೆ ಮುಂದೆ, ಆರ್‌ಸಿ ಮತ್ತು ಇನ್ಶೂರೆನ್ಸ್ ಅವರ ಹೆಸರಲ್ಲಿ. ಡಿಎಲ್ ಬಂದ ಮೇಲೂ ಭಯದಿಂದಲೇ ಓಡಿಸಿದೆ. ಏನಾದರೂ ಆಗಿದ್ದರೆ ಯಾರು ಹೊಣೆ? ದಯವಿಟ್ಟು ಎಚ್‌ಪಿ ತೆಗೆಸುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಎಷ್ಟೇ ಪರಿಚಯದವರಾಗಿರಲಿ.

ಆದರೆ ಆ ಸಿಟ್ಟು ಗಾಡಿಯ ಮೇಲೆ ನಿಲ್ಲಲಿಲ್ಲ. ಮಾಗಿಯ ಚಳಿಯಲ್ಲಿ ಪೆಟ್ರೋಲ್ ನಲ್ಲಿ ತಿರುಗಿಸಿ, ಚೋಕ್ ಎತ್ತಿ, ಕೀ ಹಾಕದೆ ಸುಮ್ನೆ ಎರಡು ಕಿಕ್. ಆಮೇಲೆ ಕೀ ತಿರುಗಿಸಿ ಮೂರನೆಯದು. ಹೊತ್ತಿಕೊಳ್ಳುತ್ತದೆ. ಚೋಕ್ ಇಳಿಸುವಷ್ಟರಲ್ಲಿ ಅಮ್ಮ ಬುತ್ತಿ ತಂದು ಹ್ಯಾಂಡಲ್‌ಗೆ ಸಿಕ್ಕಿಸುತ್ತಾರೆ. ಆ ಒಂದು ನಿಮಿಷ ನನಗೆ ತುಂಬಾ ಇಷ್ಟ. ಬಸ್ಸಿಗೆ ಓಡುತ್ತಿದ್ದಾಗ ಬೆಳಗ್ಗೆ ಇಂಥ ನಿಮಿಷವೇ ಇರಲಿಲ್ಲ.

ಖರ್ಚು ಜಾಸ್ತಿ ಬಂದಿಲ್ಲ. ಹಿಂದಿನ ಟೈರ್, ಒಂದು ಕ್ಲಚ್ ಕೇಬಲ್, ಬ್ರೇಕ್ ಶೂ, ಆಯಿಲ್. 2028ಕ್ಕೆ ಹದಿನೈದು ವರ್ಷ ತುಂಬುತ್ತದೆ. ಗಾಡಿ ತೋರಿಸಿ ಇನ್ನೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು. ಮಾಡಿಸುತ್ತೇನೆ.