ಪ್ಯಾಟಗೋನಿಯಾಗೆ ಬೈಕಿನಲ್ಲಿ: ರೂಟಾ 40 ಅಥವಾ ಕರೆತೆರಾ ಆಸ್ಟ್ರಲ್?

ಅಲಾಸ್ಕಾದಿಂದ ಅರ್ಜೆಂಟೀನಾದ ದಕ್ಷಿಣ ತುದಿಯ ಊರು ಉಶುವಾಯಾಗೆ ಬೈಕಿನಲ್ಲಿ ಹೊರಟವರಿಗೆ ದಕ್ಷಿಣ ಅಮೆರಿಕದ ತೆಂಕಣ ಭಾಗವಾದ ಪ್ಯಾಟಗೋನಿಯಾದಲ್ಲಿ ಎರಡು ದಾರಿ ಸಿಗುತ್ತವೆ.

ಅರ್ಜೆಂಟೀನಾದ ರೂಟಾ 40 ಬಹುಪಾಲು ಟಾರು ರಸ್ತೆ, ಬೇಗ ಸಾಗಬಹುದು. ಆದರೆ ಆ ಗಾಳಿ! ಪಶ್ಚಿಮದಿಂದ ಅಡ್ಡಲಾಗಿ ಬೀಸಿ ಬೈಕನ್ನೇ ಪಕ್ಕಕ್ಕೆ ತಳ್ಳುತ್ತದೆ. ಗಂಟೆಗಟ್ಟಲೆ ವಾಲಿಸಿಕೊಂಡೇ ಓಡಿಸಬೇಕು. ಪೆಟ್ರೋಲ್ ಬಂಕ್‌ಗಳೂ ದೂರ ದೂರ, ಜೊತೆಗೊಂದು ಕ್ಯಾನ್ ಇರಲೇಬೇಕು.

ಚಿಲಿಯ ಕರೆತೆರಾ ಆಸ್ಟ್ರಲ್ ಸುಮಾರು 1,240 ಕಿ.ಮೀ. ಕಾಡು, ಹಿಮನದಿ, ಸರೋವರ. ಮಳೆ ಜಾಸ್ತಿ, ಜಲ್ಲಿ ರಸ್ತೆಯೂ ಜಾಸ್ತಿ, ನಡುವೆ ಫೆರ್ರಿಗೆ ಕಾಯಬೇಕು. ಆದರೂ ಸಮಯವಿದ್ದರೆ ಇದನ್ನೇ ಹಿಡಿಯಿರಿ, ಇಂಥ ಹಸಿರು ಆಚೆ ಬದಿಯ ಬಯಲಿನಲ್ಲಿ ಇಲ್ಲ.

ಒಂದು ಮಾತು: ಈ ರಸ್ತೆ ವಿಲ್ಲಾ ಓಹಿಗಿನ್ಸ್‌ನಲ್ಲಿ ಮುಗಿಯುತ್ತದೆ. ಉಶುವಾಯಾಗೆ ಹೋಗುವವರು ಅದಕ್ಕೂ ಮೊದಲೇ, ಗಡಿಯ ಊರು ಚಿಲೆ ಚಿಕೊ ಬಳಿ ಅರ್ಜೆಂಟೀನಾಗೆ ದಾಟಿ ರೂಟಾ 40 ಸೇರಬಹುದು. ಗಾಳಿ ಹೇಗೂ ತಪ್ಪದು ಅಲ್ವಾ.